ಕೊಟ್ಟಿಗೆ ಗೂಡಿನ ಬಟ್ಟಲು

“ಆ ಕಜ್ಜಿಗೈ ಮಣೂಕಕ್ಕ ಹಚ್ಚಬ್ಯಾಡ ಬೇ, ಹೊಲಸ ರಂಡೆ! ಸಾಂಗ್ಲಿ ಪ್ಯಾಟಿಗೆ ಹೋಗೂ ಮಾಲ ಅದು!”

ಅಥಣಿ ಸೀಮೆಯ ಅನಂತಪುರದ ಕಸ್ತೂರೆವ್ವ ಸಾವುಕಾರ್ತಿ ಕಟ್ಟೆಯ ಮೇಲಿಂದ ಚೀರಿದಳು. ಒಣದ್ರಾಕ್ಷಿಯ ರಾಶಿಯಲ್ಲಿ ಕಡ್ಡಿ ಆರಿಸುತ್ತಿದ್ದ ಕೆಂಪವ್ವ ಕೈ ಹಿಂದಕ್ಕೆಳೆದುಕೊಂಡು ಅಂಗೈಯನ್ನು ಕಲ್ಲಿಗೆ ತಿಕ್ಕಿದಳು. ಎಂಟು ತಿಂಗಳ ಬಸುರಿ. ಮೈಮೇಲೆ ಒಂದು ಗುಳ್ಳೆಯಿಲ್ಲ. ಆದರೂ ಅಂಗೈ ಅಂಗಾಲುಗಳ ಒಳಗೆ ಇರುವೆ ಹರಿದಂತಹ ತುರಿಕೆ. ಕೆರೆದು ಕೆರೆದು ನೆತ್ತರು ಬಂದಿತ್ತು.

“ಅಂಗೈ ತುರಸಿದ್ರ ರೊಕ್ಕ ಬರ್ತೈತಿ, ಅಂಗಾಲ ತುರಸಿದ್ರ ಒದಿ ಬೀಳ್ತಾವು,” ಎಂದು ಸಾವುಕಾರ ಭಾವುಸಾಹೇಬ ನಕ್ಕ.

ಚಹಾದ ಹೊತ್ತಿಗೆ ಅವಳು ಕೊಟ್ಟಿಗೆಯ ಗೂಡಿನಿಂದ ನೆಗ್ಗಿದ ಜರ್ಮನ್ ಬಟ್ಟಲು ತೆಗೆದಳು. ಕೇರಿಯವರಿಗೆಂದೇ ಇಟ್ಟದ್ದು. ಸಿಡಿದ ಸೆಗಣಿ ತೊಳೆದು ಹಿಡಿದರೆ ಚಹಾ ಮೇಲಿನಿಂದ ಬೀಳುತ್ತಿತ್ತು.

ಕೆಲವೇ ದಿನಕ್ಕೆ ಸಾವುಕಾರರ ಬಸುರಿ ಸೊಸೆ ಚಂದ್ರಮತಿಗೂ ಅದೇ ತುರಿಕೆ. ಅದನ್ನು ಯಾರೂ ಕಜ್ಜಿ ಎನ್ನಲಿಲ್ಲ. ಮಿರಜಿನ ದವಾಖಾನೆಗೆ ತೋರಿಸಿಕೊಂಡು ಬಂದರು. ಅಂಗಳ ಸಾರಿಸುತ್ತಿದ್ದ ಕೆಂಪವ್ವನ ಕಿವಿಗೆ ಕಸ್ತೂರೆವ್ವ ನೆರೆಯವಳಿಗೆ ಹೇಳಿದ್ದು ಬಿತ್ತು.

“ಬಸುರಾಗ ಲಿವರ್ ಕೆಟ್ಟು ಪಿತ್ತ ರಕ್ತದಾಗ ಕೂಡೇತಂತ್ರಿ. ತಾಯಿಗಿಂತ ಕೂಸಿಗೇ ಧೋಕಾ. ಹೊಟ್ಟ್ಯಾಗ ಇದ್ದಲ್ಲೇ ಸಾಯ್ತೈತಂತ. ಅದಕ್ಕ ನಾಳೆ ಒಯ್ದು ಲಗೂನ ಹಡಸ್ತಾರ.”

ಕೆಂಪವ್ವನ ಕೈಯ ಸೆಗಣಿ ಜಾರಿತು. ಒಳಗಿನ ಜೀವ ಒಮ್ಮೆ ಒದೆಯಿತು.

ಮರುದಿನ ಅವಳು ಜೀಪಿನ ಬಾಗಿಲು ಹಿಡಿದಳು. “ಯವ್ವಾರ, ನಂದೂ ಅದ ತುರಕಿ ಐತ್ರಿ. ಹಿಂದ ಮೂಲ್ಯಾಗ ಕುಂಡ್ರತೀನ್ರಿ. ಮಿರಜಿಗೆ ಮುಟ್ಟಸ್ರಿ, ಸಾಕು.”

“ನಿನಗೆಲ್ಲೀ ಲಿವರ್ ಬೇ, ಬೋಸುಡಿ! ಜೀಪಿಗೂ ಕಜ್ಜಿ ಹಚ್ಚಾಕ ಬಂದಿ?”

ಕಸ್ತೂರೆವ್ವ ಬಾಗಿಲು ಜಗ್ಗಿಕೊಂಡಳು. ಜೀಪಿನ ಧೂಳು ಕೆಂಪವ್ವನ ಬಾಯಿಗೆ ಬಂತು.

ಅವಳ ಗಂಡ ಕಾಡಸಿದ್ದ, ಅಥಣಿಯ ದವಾಖಾನೆಗೆ ಒಯ್ಯಲು ಅವರಿವರ ಗಾಡಿ ಬೇಡಿ ತರುವಷ್ಟರಲ್ಲಿ ಹೊಟ್ಟೆ ಸುಮ್ಮನಾಗಿತ್ತು. ಹುಟ್ಟಿದ ಗಂಡುಕೂಸಿನ ಮೈಗೆಲ್ಲ ಹಸಿರು ಹೊಲಸು ಮೆತ್ತಿತ್ತು. ಅಳಲಿಲ್ಲ. ಹಡೆದ ಮೇಲೆ ತುರಿಕೆ ತಾನಾಗಿ ನಿಂತಿತು. ನಿಂತದ್ದಕ್ಕೆ ಅವಳಿಗೆ ತನ್ನ ಮೈಯೇ ಹೇಸಿಕೆಯಾಯಿತು. ಎದೆ ಮಾತ್ರ ಏನೂ ತಿಳಿಯದೆ ತುಂಬಿ ಕುಪ್ಪಸ ತೋಯಿಸುತ್ತಿತ್ತು.

ಮುಂದಿನ ವಾರ ಕಸ್ತೂರೆವ್ವ ಮೂಗಿಗೆ ಸೆರಗು ಹಿಡಿದು ಕೇರಿಗೆ ಬಂದಳು. ಚಂದ್ರಮತಿಯ ಕೂಸು ಉಳಿದಿತ್ತು. ಆದರೆ ತಾಯಿಗೆ ಹಾಲಿಲ್ಲ. ಕೂಸು ಕುಡಿದ ಆಕಳ ಹಾಲನ್ನೆಲ್ಲ ಕಾರುತ್ತಿತ್ತು.

“ಬಾ ನನ್ನವ್ವ, ಕೂಸಿಗೆ ಮಲಿ ಕೊಡು. ಹಾಲಿಗೆಲ್ಲಿ ಮೈಲಿಗಿ? ಹಿತ್ತಲ ಬಾಗಲದಿಂದ ಬಾ, ಯಾರೂ ನೋಡೂದಿಲ್ಲ.”

“ನನ್ನ ಕಜ್ಜಿ ಹತ್ತೂದಿಲ್ಲೇನ್ರಿ?”

“ಅದು ಕಜ್ಜಿ ಅಲ್ಲಂತ ಡಾಕ್ಟರ್ ಆವಾಗನ ಹೇಳ್ಯಾನಲ್ಲ.”

ಕೆಂಪವ್ವ ಆ ಬಾಯಿಯನ್ನೇ ನೋಡಿದಳು. ಎದ್ದಳು. ಸಾವುಕಾರರ ಮನೆಗೆ ನಡೆದಳು, ಆದರೆ ಹಿತ್ತಲಿಗೆ ಹೋಗಲಿಲ್ಲ. ಕೊಟ್ಟಿಗೆಯ ಗೂಡಿಗೆ ಕೈ ಹಾಕಿ ಬಟ್ಟಲು ತೆಗೆದು, ಬೂದಿ ಹಚ್ಚಿ ಬೆಳಗಿ, ಮುಂಬಾಗಿಲ ಎದುರು ಕುಳಿತು, ಎಲ್ಲರ ಕಣ್ಣಮುಂದೆ ಎದೆ ಹಿಂಡಿ ಅದನ್ನು ತುಂಬಿಸಿದಳು. ಹೊಸ್ತಿಲ ಮೇಲೆ ಇಟ್ಟಳು.

“ತಗೋರಿ, ಕುಡಸ್ರಿ. ನಮ್ಮ ಬಟ್ಟಲ ಐತಿ.”

ಒಳಗೆ ಕೂಸು ಅಳುತ್ತಲೇ ಇತ್ತು. ಬಟ್ಟಲಿನ ಅಂಚಿಗೆ ನೊಣ ಬಂದು ಕೂತಿತು. ಹೊಸ್ತಿಲಾಚೆ ನಿಂತವರಲ್ಲಿ ಒಬ್ಬರ ಕೈಯೂ ಕೆಳಗೆ ಬಾಗಲಿಲ್ಲ.