ನಾಲಾದ ಬಾಗಿಲು ಯಾರದು?

ತಪ್ಪು ನನ್ನ ಅಪ್ಪ ಮುರಗೆಪ್ಪನದೇ, ಒಪ್ಪಿದೆ. ಆದರೆ ಆ ಎರಡು ವಾರ್ಡ್ ಆಫೀಸುಗಳನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಉಗಾರ ಬುದ್ರುಕದಿಂದ ಮದುವೆಯಾಗಿ ಈ ಕಡಲ ದಂಡೆಯ ಮಹಾನಗರಕ್ಕೆ ಬಂದವಳು ನಾನು. ನಮ್ಮ ಓಣಿಯ ಪಕ್ಕದಲ್ಲಿ ದೊಡ್ಡ ನಾಲಾ, ಅದು ಸಮುದ್ರ ಸೇರುವಲ್ಲಿ ಒಂದು ಕಬ್ಬಿಣದ ಬಾಗಿಲು. ಉಬ್ಬರ ಬಂದಾಗ ಅದನ್ನು ಇಳಿಸದಿದ್ದರೆ ಸಮುದ್ರವೇ ಮನೆಯೊಳಗೆ ಬರುತ್ತದೆ. ನಾಲಾದ ಈಚೆ ಒಂದು ವಾರ್ಡು, ಆಚೆ ಇನ್ನೊಂದು. ಈಚೆಯವರನ್ನು ಕೇಳಿದರೆ ಬಾಗಿಲು ಆಚೆಯವರದು, ಆಚೆಯವರನ್ನು ಕೇಳಿದರೆ ಈಚೆಯವರದು. ಇವರ ಕುರ್ಚಿಗೆ ಬೆಂಕಿ ಬೀಳಲಿ! ಅಲೆದು ಸಾಕಾಗಿ ಓಣಿಯ ಹೆಂಗಸರೇ ಸರಪಳಿ ಜಗ್ಗಿ ಅದನ್ನು ಇಳಿಸುತ್ತೇವೆ.

ಅಪ್ಪ ನೋಡಲು ಬಂದವನು ಮೊದಲ ದಿನವೇ ಹೇಳಿಬಿಟ್ಟ.

"ಒಂದ್ಸಲ ನೀರು ಒಳಗ ಬಂತಂದ್ರ ಮುಗೀತು. ನಿನ್ನ ಊರಿಗೆ ಕರಕೊಂಡು ಹೋಗಾಂವ ನಾ."

ಖಡಕ್ ರೊಟ್ಟಿ ಮಾರಿ ಮಾಡಿಕೊಂಡ ಮನೆ ಇದು. ಬಿಟ್ಟು ಹೋಗಲು ನನಗೇನು ಹುಚ್ಚೇ?

ಮರುದಿನ ಜೋರು ಮಳೆ. ಬಾಗಿಲು ಇಳಿಸಿ ಬಂದು ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮೂರ ಕಡೆ ಕಬ್ಬಿನ ಹೊಲದಲ್ಲಿ ಮಳೆನೀರು ನಿಂತರೆ ಬದು ಒಡೆದು ಕೃಷ್ಣೆಗೆ ಬಿಡುವುದು ರೂಢಿ. ನಾಲಾ ತುಂಬುವುದನ್ನು ಕಂಡ ಅಪ್ಪ ಇಲ್ಲೂ ನೀರನ್ನು ಹಾಗೆಯೇ ಹೊರಗೆ ಬಿಡಬೇಕೆಂದು ತಿಳಿದು, ಯಾರನ್ನೂ ಕೇಳದೆ ಬಾಗಿಲು ಎತ್ತಿಬಿಟ್ಟ.

"ಕೋಮಲಾ, ನೀರು ತಿರಗಿ ಬರಾಕತ್ತೈತಿ ಬೇ!"

"ಯಪ್ಪಾ, ಏನ್ ಮಾಡಿದಿ! ಹೊರಗ ಸಮುದ್ರ ಉಬ್ಬೈತಿ!"

ಮನೆಯೊಳಗೆ ಮೊಣಕಾಲುದ್ದ ನೀರು. ಜೋಳದ ಹಿಟ್ಟೆಲ್ಲ ರಾಡಿಯಾಯಿತು. ನಾನು ಅಲ್ಲೇ ನಿಂತು ಗೊಳೋ ಎಂದು ಅತ್ತೆ.

ನೀರು ಇಳಿದ ಮೇಲೆ ಈಚೆ ವಾರ್ಡಿನ ಸಾಹೇಬ ಪ್ರತ್ಯಕ್ಷನಾದ. ಎಷ್ಟು ಕರೆದರೂ ಬರದವನು! ಪಾಲಿಕೆಯ ಬಾಗಿಲು ಮುಟ್ಟಿದ ಈ ಮುದುಕನನ್ನು ಪೊಲೀಸರಿಗೆ ಕೊಡುತ್ತೇನೆ ಎಂದು ಹಿಂದಿಯಲ್ಲಿ ಅಬ್ಬರಿಸಿದ. ಅಪ್ಪ ಕೈಮುಗಿದ.

"ತಪ್ಪಾತ್ರಿ ಸಾಹೇಬ್ರ."

ಆ ಮುಗಿದ ಕೈಗಳನ್ನು ನಾನೇ ಹಿಡಿದು ಕೆಳಗಿಳಿಸಿದೆ. ಬಾಗಿಲು ಯಾರದು ಎಂದು ನಾನೂ ಹಿಂದಿಯಲ್ಲೇ ಕೇಳಿದೆ. ನಮ್ಮದೇ, ಇನ್ನಾರದು ಎಂದ. ಇಡೀ ಓಣಿ ಕೇಳಿಸಿಕೊಂಡಿತು. ಹಾಗಿದ್ದರೆ ನಾಳೆ ಉಬ್ಬರದ ಹೊತ್ತಿಗೆ ನೀವೇ ಬಂದು ಇಳಿಸಿ ಎಂದೆ. ಸಾಹೇಬ ಆಚೆ ದಂಡೆ ನೋಡಿದ, ವಿಚಾರಿಸಬೇಕು ಎಂದ, ಗಾಡಿ ಹತ್ತಿ ಹೋದ. ಪೊಲೀಸರ ಮಾತು ಅಲ್ಲಿಗೇ ಮುಗಿಯಿತು.

ಅಪ್ಪ ನನ್ನ ಸೀರೆಗಳನ್ನು ಗಂಟು ಕಟ್ಟತೊಡಗಿದ.

"ಓಡಿ ಹೋದಾಂವ ಅಂವ," ಎಂದೆ. "ನಾ ಯಾಕ ಓಡ್ಲಿ?"

ಮರುದಿನ ಉಬ್ಬರ ಬಂತು, ಸಾಹೇಬ ಬರಲಿಲ್ಲ. ನಾವು ಹೆಂಗಸರು ಸರಪಳಿಗೆ ಕೈ ಹಾಕಿದಾಗ ಅಪ್ಪ ಹಿಂದೆಯೇ ಬಂದ.

"ಯಾರೂ ಬರಂಗಿಲ್ಲೇನ ಬೇ?"

"ಇಲ್ಲ."

"ಇವರ ಮನಿ ಹಾಳಾಗ್ಲಿ! ಸರೀ, ನಾ ಜಗ್ಗತೇನಿ. ಮಳಿಗಾಲ ಮುಗಿಯೂತನಕ ನಾ ಊರಿಗೆ ಹೋಗಂಗಿಲ್ಲ."