ಕಾಗದಕ್ಕೆ ತೇವ ಹತ್ತಿದ ದಿನ

ಪ್ರಿಂಟಿಂಗ್ ಕಲಿಯೋಕೂ ಕಾಲೇಜು ಬೇಕೇ ಎಂದು ವೆನಿಂಗ್ ಎಂಬ ಹುಡುಗಿಯ ನೆಂಟರು ಮೂರು ವರ್ಷ ಆಡಿಕೊಂಡಿದ್ದರು. ಗುಂಡಿ ಒತ್ತಿದರೆ ಹಾಳೆ ಬೀಳುತ್ತದೆ, ಅಷ್ಟೇ ತಾನೇ! ಆ ಮಹಾನುಭಾವರು ಜಕಾರ್ತದ ಆ ಕಾಲೇಜಿನ ಕೊನೆಯ ಪರೀಕ್ಷೆಯನ್ನೊಮ್ಮೆ ನೋಡಬೇಕಿತ್ತು. ನಾಲ್ಕು ಬಣ್ಣದ ಬಾಟಿಕ್ ಚಿತ್ತಾರದ ಹಕ್ಕಿ, ಮುನ್ನೂರು ಹಾಳೆ, ಒಂದೇ ದಿನ. ತಪ್ಪಿದರೆ ಪದವಿ ಮುಂದಿನ ವರ್ಷಕ್ಕೆ.

ಯಂತ್ರ ಒಮ್ಮೆಗೆ ಎರಡೇ ಬಣ್ಣ ಹಾಕುವಂಥದ್ದು. ಬೆಳಿಗ್ಗೆ ಕಪ್ಪು, ನೀಲಿ ಚೆಲುವಾಗಿ ಕೂತವು. ಶುಕ್ರವಾರದ ನಮಾಜಿಗೆ ಕೆಲಸ ನಿಂತಾಗ ವೆನಿಂಗ್ ಊಟಕ್ಕೆ ಓಡಿದಳು. ಕಾಗದದ ರಾಶಿಗೆ ಪ್ಲಾಸ್ಟಿಕ್ ಹೊದಿಸುವುದನ್ನೇ ಮರೆತಳು. ಅಷ್ಟರಲ್ಲಿ ಮಳೆ ಹೊಯ್ದು, ತೇವ ಕುಡಿದ ಕಾಗದ ಕೂದಲೆಳೆಯಷ್ಟು ಹಿಗ್ಗಿತು. ಮಧ್ಯಾಹ್ನ ಮೇಲಿನ ಕೆಲವು ಹಾಳೆಗೆ ಕೆಂಪು, ಹಳದಿ ಹಾಕಿ ನೋಡಿದರೆ ಹಕ್ಕಿಯ ಕಣ್ಣು ರೆಪ್ಪೆಯಿಂದಾಚೆ ಕೂತಿತ್ತು.

ಸಹಪಾಠಿ ಗಿಲಾಂಗನ ಪರೀಕ್ಷೆ ಸೋಮವಾರ. ಇವತ್ತು ಸಹಾಯಕ್ಕೆ ಬಂದಿದ್ದ.

"ಸುಮ್ನಿರೇ ಮಾರಾಯ್ತಿ. ಇದ್ದಿದ್ರಲ್ಲಿ ಚೆನ್ನಾಗಿರೋ ಹತ್ತು ಹಾಳೆ ಮೇಲಿಡು. ಸರ್‌ಗೆ ವಯಸ್ಸಾಯ್ತು, ಕೆಳಗೆಲ್ಲಿ ನೋಡ್ತಾರೆ?"

"ನಾನು ನೋಡಿದ್ನಲ್ಲೋ, ಸಾಲದಾ?"

ಎಸಿ ಕೋಣೆಯಲ್ಲಿ ತಂತಿ ಕಟ್ಟಿ, ಉಳಿದ ಹಾಳೆಗಳನ್ನು ಒಂದೊಂದಾಗಿ ನೇತುಹಾಕಿದಳು. ಜಾಗವಿದ್ದದ್ದು ಎಂಬತ್ತಕ್ಕೆ.

"ಬಟ್ಟೆ ಒಣಗಿಸೋಕೆ ಮೂರು ವರ್ಷ ಓದಿದ್ಯಾ?" ಎಂದು ಅಣಕಿಸುತ್ತಲೇ ಗಿಲಾಂಗ್ ಕ್ಲಿಪ್ಪು ಕೊಟ್ಟ.

ಎರಡು ಗಂಟೆಯಲ್ಲಿ ಹಾಳೆ ತನ್ನ ಅಳತೆಗೆ ಮರಳಿತು. ಯಂತ್ರ ಹೊಂದಿಸಲು ಇಪ್ಪತ್ತು ಹಾಳೆ ಹೋದವು. ಹೊತ್ತು ಮುಗಿದಾಗ ನಾಲ್ಕೂ ಬಣ್ಣ ಸರಿಯಾಗಿ ಕೂತು ಕೈಯಲ್ಲಿದ್ದದ್ದು ಅರವತ್ತು.

ಪರೀಕ್ಷಕ ಸುಹಾರ್ಯೊ ಸರ್ ರಾಶಿಯ ನಡುವಿನಿಂದಲೇ ಒಂದು ಹಾಳೆ ಎಳೆದು ಭೂತಗನ್ನಡಿ ಇಟ್ಟರು. ತುಂಬ ಹೊತ್ತು ತಲೆ ಎತ್ತಲಿಲ್ಲ.

"ಎಷ್ಟಿದೆ ಮಗಳೇ?"

"ಅರವತ್ತು ಸರ್. ರಾಶಿ ಮುಚ್ಚೋದು ಮರ್ತೆ. ತಪ್ಪು ನಂದೇ."

"ಮುನ್ನೂರು ಕೇಳಿದ್ದೆ. ಪಾಸು ಮಾಡೋಕಾಗಲ್ಲ."

ಸರ್ ಜೇಬಿನಿಂದ ಪೆನ್ನು ತೆಗೆದು ಆ ಹಾಳೆಯ ಅಂಚಿಗೆ ಸಹಿ ಹಾಕಿದರು. ಯಂತ್ರದ ಮೇಲಿನ ಹಲಗೆಯಲ್ಲಿ ತಮ್ಮದೇ ಕೈಯ ಮಾದರಿ ಹಾಳೆಯಿತ್ತು. ಅದನ್ನು ಕಿತ್ತು ಅಲ್ಲಿ ಇದನ್ನು ಚುಚ್ಚಿದರು.

"ಸೋಮವಾರ ಬರೋರೆಲ್ಲ ಇದಕ್ಕೆ ಸರಿಗಟ್ಟಬೇಕು."

"ಸರ್, ಫೇಲಾದೋಳ ಹಾಳೆ!" ಎಂದ ಗಿಲಾಂಗ್.

"ಹೌದಪ್ಪ. ಹತ್ರ ಹೋಗಿ ನೋಡು."

ಗಿಲಾಂಗ್ ಹೋಗಿ ಹಕ್ಕಿಯ ಕಣ್ಣಿಗೆ ಕಣ್ಣು ಹಚ್ಚಿ ನಿಂತ.

"ಸತ್ತೆ ನಾನು," ಎಂದ.