ದಿಗಂಬರರ ಎರಡನೆಯ ಭಟ್ಟಿ

ಎರಡು ಸಾವಿರದ ಇಸವಿ ಬಂದರೂ ಬೆಳಗಾವಿಯಲ್ಲಿ ನಾನು ಕೋಚ್ ಎಂದರೆ ಯಾವ ಆಟದ್ದು ಎಂದು ಕೇಳುತ್ತಾರೆ. ಆಟದ್ದಲ್ಲ. ವ್ಯಾಪಾರಸ್ಥರ ಎದುರು ಕೂತು ಪ್ರಶ್ನೆ ಕೇಳುವುದು, ಅವರ ದಾರಿಯನ್ನು ಅವರೇ ಕಂಡುಕೊಳ್ಳುವ ಹಾಗೆ ಮಾಡುವುದು ನನ್ನ ಕೆಲಸ. ಈ ಊರಿಗೆ ಅದನ್ನು ತಂದವಳು ನಾನು. ಆಮೇಲೆ ಪೂರ್ವಾ ಬಂದಳು. ಈಗ ಎಲ್ಲರ ಬಾಯಲ್ಲೂ ಪೂರ್ವಾ, ಪೂರ್ವಾ!

ಶನಿವಾರ ಸಂಜೆ ನಾವಿಬ್ಬರೂ ಸದಾಶಿವನಗರದ ಕಾಶೀಬಾಯಿಯವರ ಮನೆಗೆ ಹೋಗಬೇಕು. ಅವರು ನಮ್ಮ ಮೇಲ್ವಿಚಾರಕಿ. ವಾರದ ಕೆಲಸವನ್ನೆಲ್ಲ ಅವರ ಮುಂದೆ ಬಿಚ್ಚಿಡಬೇಕು, ಬಂದವರ ಹೆಸರು ಮಾತ್ರ ಹೇಳುವಂತಿಲ್ಲ. ಒಂದೇ ಮನೆಯವರನ್ನು ಇಬ್ಬರೂ ಹಿಡಿದಿದ್ದರೆ ಆಮೇಲೆ ಹಿಡಿದವರು ಬಿಡಬೇಕೆಂಬುದು ಇನ್ನೊಂದು ಕಟ್ಟಳೆ. ಮುಂದಿನ ವರ್ಷದಿಂದ ಅವರು ತಮ್ಮ ಜಾಗವನ್ನು ನಮ್ಮಲ್ಲೊಬ್ಬರಿಗೆ ಕೊಡುವವರಿದ್ದರು. ಅದು ನನಗೇ ಬರಬೇಕಿತ್ತು.

ಆ ಶನಿವಾರ ಪೂರ್ವಾ ಖಾನಾಪುರದ ಯಾವುದೋ ಹೆಂಚಿನ ಭಟ್ಟಿಯ ಮನೆಯ ಹೆಣ್ಣುಮಗಳ ಸುದ್ದಿ ಹೇಳಿದಳು. "ನಿಮ್ಮ ಮೊಮ್ಮಕ್ಕಳು ಈ ಭಟ್ಟಿ ನಡಸೂವಾಗ ಏನ್ ಸುಡಬೇಕು ಅಂತ ಕೇಳಿದ್ನಿರಿ."

ಕಾಶೀಬಾಯಿಯವರ ಮುಖ ಅರಳಿತು. "ಎದುರಿಗೆ ಕುಂತವರ ಲಾಭ ನೋಡೂದಷ್ಟ ನಮ್ಮ ಕೆಲಸ ಅಲ್ಲ. ಅವರು ಕಡಿಯೂ ಕಾಡು, ಬಿಡೂ ಹೊಗಿ, ತಪ್ಪೂ ಮಳಿ, ಅದರಾಗೂ ನಮ್ಮ ಪಾಲು ಐತಿ."

ನನ್ನ ಹೊಟ್ಟೆ ಉರಿಯಿತು. ನನ್ನ ಹತ್ತಿರವೂ ಪೂರ್ವಾ ಬರುವ ಮೊದಲಿನಿಂದಲೇ ಖಾನಾಪುರದ ಭಟ್ಟಿ ಮಾಲೀಕರೊಬ್ಬರು ಬರುತ್ತಿದ್ದರು, ದಿಗಂಬರ. ಎರಡನೆಯ ಭಟ್ಟಿ ಹಾಕುವ ಧೈರ್ಯ ಬೇಕೆಂದರು, ಧೈರ್ಯ ತುಂಬುತ್ತಿದ್ದೆ. ಏನು ಸುಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ವಾರ ದಿಗಂಬರರ ಮನೆಗೆ ಹೋದಾಗ ಅಂಗಳದಲ್ಲಿ ಕಟ್ಟಿಗೆಯ ರಾಶಿ ಸೂರಿನ ಎತ್ತರಕ್ಕೆ ಬಿದ್ದಿತ್ತು. ಚಹಾ ತಂದ ಹೆಂಡತಿ ಕಾಂತಾ ಅದನ್ನು ತೋರಿಸಿ ಗಂಡನಿಗೆ, "ಮೊಮ್ಮಕ್ಕಳು ಏನ್ ಸುಡಬೇಕ್ರಿ?" ಎಂದಳು.

"ಮತ್ತ ಅದನ್ನ ಹಚ್ಚಿದಿ?" ಎಂದು ದಿಗಂಬರ ಗದರಿದರು.

ಪೂರ್ವಾ ಹೇಳಿದ್ದ ಹೆಣ್ಣುಮಗಳು ಇವಳೇ! ಈ ಮನೆಯನ್ನು ಮೊದಲು ಹಿಡಿದವಳು ನಾನು, ಪೂರ್ವಾ ಬಿಡಲೇಬೇಕು. ಖುಷಿಗೆ ಇನ್ನೊಂದು ಕಪ್ ಚಹಾ ಕೇಳಿ ಕುಡಿದೆ.

ಶನಿವಾರ ಹೇಳಿಯೇಬಿಟ್ಟೆ. "ಇಬ್ಬರದೂ ಒಂದ ಮನಿ ಐತ್ರಿ. ನಂದು ಮೊದಲ." ಕಟ್ಟಳೆಯನ್ನೂ ಪಾಲಿಸಿದಂತಾಯಿತು, ಹೊಟ್ಟೆಯೂ ತಂಪಾಯಿತು.

ಪೂರ್ವಾ ಜಗಳವಾಡಲಿಲ್ಲ. "ಬಿಟ್ಟೆ ಅಕ್ಕಾ. ಆದ್ರ ಆ ಪ್ರಶ್ನಿ ಅಲ್ಲೇ ಉಳೀತು. ನೀವ ನೋಡ್ಕೊಳ್ರಿ," ಎಂದಳು.

ಈಗ ಕೇಳದೆ ವಿಧಿಯಿರಲಿಲ್ಲ. ದಿಗಂಬರರ ಎದುರು ಕೂತು ನನ್ನದೇ ಒಂದು ಪ್ರಶ್ನೆಗಾಗಿ ತಡಕಾಡಿದೆ. ಅದರಷ್ಟು ಚೆನ್ನಾಗಿರುವುದು ಒಂದೂ ಸಿಗಲಿಲ್ಲ. ಕೊನೆಗೆ ಅದನ್ನೇ ಕೇಳಿದೆ. ಹೆಂಡತಿಯನ್ನು ಗದರಿದ್ದ ಮನುಷ್ಯ ಎದ್ದು ಅಂಗಳಕ್ಕಿಳಿದು ಕಟ್ಟಿಗೆಯ ರಾಶಿಗೆ ಒಂದು ಸುತ್ತು ಹಾಕಿ ಬಂದರು.

"ಎರಡನೇ ಭಟ್ಟಿ ಬ್ಯಾಡ್ರಿ," ಎಂದರು. "ಇರೂದನ್ನ ಭತ್ತದ ಹೊಟ್ಟು ಹಾಕಿ ನಡಸಾಕ ಆಗತೈತೇನು ನೋಡೂಣು."

ಶನಿವಾರ ಇದನ್ನು ಕೇಳಿ ಕಾಶೀಬಾಯಿಯವರು ಹಿಗ್ಗಿದರು. "ಏನ್ ಕೇಳಿದಿ ಪ್ರಮಿಳಾ?"

ಪೂರ್ವಾಳ ಪ್ರಶ್ನೆಯನ್ನೇ ಕೇಳಿದೆನೆಂದು ಹೇಳಿದೆ. ಅವರು ನನ್ನನ್ನು ನೋಡಿದರು, ಆಮೇಲೆ ಪೂರ್ವಾಳತ್ತ ತಿರುಗಿದರು. "ಮುಂದಿನ ವರ್ಷದಿಂದ ನನ್ನ ಜಾಗಾದಾಗ ನೀ ಕುಂದರು."

"ನಾ ಯಾಕ್ರಿ? ಅಕ್ಕಗ ಕೊಡ್ರಿ. ಹೆಂಡತಿ ಮಾತು ಕೇಳದ ಮನಷ್ಯಾ ಅಕ್ಕಾನ ಮಾತು ಕೇಳ್ಯಾನ."

ಆಕೆಯ ಮುಖದಲ್ಲಿ ಒಂದಿಷ್ಟಾದರೂ ಹೊಟ್ಟೆಕಿಚ್ಚು ಇದ್ದೀತೆಂದು ಹುಡುಕಿದೆ. ಹಾಳಾದ್ದು, ಚೂರೂ ಇರಲಿಲ್ಲ.

"ಏನಂತಿ ಪ್ರಮಿಳಾ, ಬೇಕೇನು?" ಎಂದರು ಕಾಶೀಬಾಯಿಯವರು.

"ಬೇಕ್ರಿ," ಎಂದೆ, ಪೂರ್ವಾಳ ಕಡೆ ನೋಡದೆ.